ಅಕ್ಕನ ಕಟ್ಟಡದಲ್ಲೊಂದು ತೇಪೆ

"ಏಣಿ ಇಳಿ ಮೊದಲು," ಅಂದಳು ಅಕ್ಕ. "ಹೆಲ್ಮೆಟ್ ಹಾಕ್ಕೊಂಡು ಆಮೇಲೆ ಹತ್ತು. ನನ್ನ ಸೈಟಲ್ಲಿ ಬರಿತಲೆಯಲ್ಲಿ ಯಾರೂ ಏಣಿ ಹತ್ತೋದಿಲ್ಲ. ತಂಗಿಯಾದ್ರೂ ಅಷ್ಟೇ, ಪತ್ತೇದಾರಳಾದ್ರೂ ಅಷ್ಟೇ."

ಕೆದಕಮ್ಮ ಎದುರು ಮಾತಾಡದೆ ಇಳಿದಳು. ಬೇರೆ ಯಾರಾದರೂ ಆ ದನಿಯಲ್ಲಿ ಹೇಳಿದ್ದರೆ ಇಳಿಯುತ್ತಿರಲಿಲ್ಲ.

ಕೆದಕಮ್ಮ ಅನ್ನುವುದು ಅವಳ ಹುಟ್ಟುಹೆಸರಲ್ಲ. ಚಿಕ್ಕಂದಿನಲ್ಲಿ ಗೋಡೆಯ ಸುಣ್ಣ, ಮೊಣಕಾಲಿನ ಗಾಯ, ಅಮ್ಮನ ಕಪಾಟಿನ ಬೀಗ, ಏನು ಕಂಡರೂ ಉಗುರು ಹಾಕಿ ಕೆದಕುತ್ತಿದ್ದವಳಿಗೆ ಅಕ್ಕನೇ ಇಟ್ಟ ಅಡ್ಡಹೆಸರು. ದೊಡ್ಡವಳಾದ ಮೇಲೆ ಅವಳು ಅದೇ ಚಟವನ್ನು ಹೊಟ್ಟೆಪಾಡು ಮಾಡಿಕೊಂಡಳು. ಹೆಸರೂ ಅಂಟಿಕೊಂಡೇ ಬಂತು.

ಈ ಶಾಪಿಂಗ್ ಮಾಲಿನ ನಡು ಅಂಗಳದಲ್ಲಿ ಸುರಕ್ಷತಾ ಅಧಿಕಾರಿ ಪ್ರಜ್ಞೆ ತಪ್ಪಿ ಬಿದ್ದಿದ್ದು ಕಂಡ ದಿನದಿಂದ, ಅವರ ಹೆಂಡತಿಯ ಮಾತಿನ ಮೇಲೆ, ಕೆದಕಮ್ಮ ಇಲ್ಲಿ ಓಡಾಡುತ್ತಿದ್ದಳು.

ಆ ಅಧಿಕಾರಿಗೆ ಸೈಟಿನವರೆಲ್ಲ ಹೆಲ್ಮೆಟ್ ಮಾಮ ಅನ್ನುತ್ತಿದ್ದರು. ಯಾರ ತಲೆ ಬರಿದಾಗಿ ಕಂಡರೂ ಮೈಕಿಲ್ಲದೆ ಮೇಲಿನ ಮಹಡಿಗೆ ಕೇಳುವಂತೆ ಕೂಗುವ ಮನುಷ್ಯ. ಮೂರನೇ ಮಹಡಿಯ ಅಂಚಿಗೆ ಕಟ್ಟಿದ ಹಳದಿ ಪೈಪಿಗೆ ಒರಗಿದರು, ಪೈಪು ಕಳಚಿತು, ಕೆಳಗೆ ಬಿದ್ದರು ಅಂತ ಎಲ್ಲರೂ ನಂಬಿದ್ದರು. ನಂಬದವಳು ಹೆಂಡತಿ ಒಬ್ಬಳೇ. ಮಾಮನ ಹೆಂಡತಿಯಾದ್ದರಿಂದ ಆಕೆ ಸೈಟಿಗೆಲ್ಲ ಅತ್ತೆ. "ಬೇರೆಯವರು ಅಂಚಿಗೆ ಒರಗಿದ್ರೇ ನಮ್ಮೋರು ಅವತ್ತು ಸರಿಯಾಗಿ ಊಟ ಮಾಡ್ತಿರಲಿಲ್ಲ. ತಾವೇ ಹೋಗಿ ಒರಗ್ತಾರಾ?" ಅಂತ ಕೇಳಿದ್ದಳು.

ಅಕ್ಕ ಕೊಟ್ಟ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿದುಕೊಳ್ಳುತ್ತ ಕೆದಕಮ್ಮ ಸುತ್ತ ನೋಡಿದಳು. ನೆಲಮಹಡಿಯ ಉದ್ದನೆಯ ಓಣಿ. ಎರಡೂ ಬದಿಗೆ ಅಂಗಡಿಗಳು. ಗಾಜಿನ ಹಿಂದೆ ಪ್ಲಾಸ್ಟಿಕ್ ಸುತ್ತಿಕೊಂಡ ಗೊಂಬೆಗಳು ಬಟ್ಟೆಗಾಗಿ ಕಾಯುತ್ತಿದ್ದವು. ಒಬ್ಬಳು ಹೆಂಗಸು ಮಂಡಿಯೂರಿ ಗ್ರಾನೈಟ್ ಒರೆಸುತ್ತಿದ್ದಳು, ಒರೆಸಿದ ಕಡೆ ತನ್ನ ಮುಖ ಕಂಡಾಗ ಒಮ್ಮೆ ಕೂದಲು ಸರಿಮಾಡಿಕೊಂಡಳು. ಓಣಿಯ ತುದಿಯಲ್ಲಿ ನಡು ಅಂಗಳ, ಅದರ ಮೇಲೆ ಆಕಾಶಕ್ಕೆ ಬಾಯಿ ತೆರೆದ ಗಾಜಿನ ಮಾಡು. ಬೆಳಗಿನ ಬಿಸಿಲು ಅಲ್ಲಿಂದ ಇಳಿದು ಎಸ್ಕಲೇಟರಿನ ಮೆಟ್ಟಿಲುಗಳ ಮೇಲೆ ಕೂತಿತ್ತು.

ನಾಳೆ ಉದ್ಘಾಟನೆ.

ಈ ಜಾಗದಲ್ಲಿ ಹಿಂದೆ ನೀರು ನಿಂತ ಗುಂಡಿಯೊಂದಿತ್ತು, ಅದರ ಸುತ್ತ ತಗಡಿನ ಶೆಡ್ಡುಗಳು. ಊರು ಹಿಗ್ಗುತ್ತ ಹಿಗ್ಗುತ್ತ ಈ ಗುಂಡಿಯನ್ನು ಬಳಸಿಕೊಂಡು ಮುಂದೆ ಹೋಗಿತ್ತು. ಮೇಲುಸೇತುವೆ ಬಂತು, ಬಹುಮಹಡಿ ಮನೆಗಳು ಬಂದವು, ಗುಂಡಿ ಮಾತ್ರ ಗುಂಡಿಯಾಗೇ ಉಳಿದಿತ್ತು. ಇಲ್ಲಿ ಅಡಿಪಾಯ ನಿಲ್ಲುವುದಿಲ್ಲ ಅಂತ ಇಬ್ಬರು ಇಂಜಿನಿಯರುಗಳು ಕೈಚೆಲ್ಲಿ ಹೋದ ಮೇಲೆ ಅಕ್ಕ ಬಂದಿದ್ದಳು. ಗಂಬೂಟು ಹಾಕಿಕೊಂಡು ಸೊಂಟದ ತನಕ ನೀರಿಗಿಳಿದು ಮಣ್ಣು ನೋಡಿದ್ದಳು. ಈಗ ಬಸ್ಸಿನಲ್ಲಿ ಹೋಗುವವರು ಈ ಕಡೆ ಕಿಟಕಿಗೆ ಬಗ್ಗುತ್ತಾರೆ. "ಇದು ನಮ್ಮಕ್ಕ ಕಟ್ಟಿಸಿದ್ದು" ಅಂತ ಕೆದಕಮ್ಮ ಹೇಳದ ಆಟೋದವನಿಲ್ಲ. ಅಮ್ಮನಂತೂ ನಾಳೆ ಮೊದಲ ಸಾಲಿನಲ್ಲಿ ಕೂರಲು ಸೀರೆಯನ್ನು ಇಸ್ತ್ರಿಗೆ ಕೊಟ್ಟು, ಇಡೀ ಬೀದಿಗೆ ಸುದ್ದಿ ಮುಟ್ಟಿಸಿಯಾಗಿತ್ತು.

"ಈಗ ಹೇಳು," ಅಂದಳು ಅಕ್ಕ. "ನನ್ನ ಸೀಲಿಂಗಿಗೆ ಯಾಕೆ ಮೂಗು ತಾಗಿಸ್ತಿದ್ದೆ?"

"ಮೊದಲು ಇದನ್ನ ನೋಡು."

ಗೋಡೆಗೆ ಒರಗಿಸಿದ್ದ ಹಳದಿ ಪೈಪನ್ನು ಕೆದಕಮ್ಮ ಎತ್ತಿ ಅಕ್ಕನ ಕೈಗೆ ಕೊಟ್ಟಳು. ಹೆಲ್ಮೆಟ್ ಮಾಮನ ಪಕ್ಕದಲ್ಲಿ ಬಿದ್ದಿದ್ದ ಪೈಪು ಅದು.

"ಮೂರನೇ ಮಹಡಿಯಿಂದ ಕಳಚಿ ಬಿತ್ತು ಅಂತಾರಲ್ಲ, ಅದೇ ಇದು. ತುದಿ ನೋಡು."

ಅಕ್ಕ ನೋಡಿದಳು. ಹೆಬ್ಬೆರಳಿನಿಂದ ತುದಿಯನ್ನು ಒಮ್ಮೆ ಸವರಿದಳು. ಇನ್ನೊಂದು ತುದಿಯನ್ನೂ ಸವರಿದಳು. ಅವಳ ಹುಬ್ಬು ಗಂಟಾಯಿತು.

"ಪೂರ್ತಿ ಬಣ್ಣ ಇದೆ," ಅಂದಳು ನಿಧಾನವಾಗಿ.

"ಹೌದಲ್ಲ? ನಿಮ್ಮ ಅಂಚಿನ ಪೈಪುಗಳಿಗೆಲ್ಲ ಕ್ಲಾಂಪಿಗೆ ಬಿಗಿದ ಮೇಲೆ ಬಣ್ಣ ಬಳಿದಿದ್ದಾರೆ. ನಾನು ಒಂದನ್ನ ಬಿಚ್ಚಿಸಿ ನೋಡಿದೆ. ಕ್ಲಾಂಪ್ ಕಚ್ಚಿದ ಕಡೆ ಬಣ್ಣವಿಲ್ಲದ ಪಟ್ಟಿ ಇದೆ, ಹಲ್ಲಿನ ಗುರುತಿದೆ. ಇದರಲ್ಲಿ ಗುರುತೂ ಇಲ್ಲ, ಪಟ್ಟಿಯೂ ಇಲ್ಲ. ಇದು ಯಾವತ್ತೂ ಕ್ಲಾಂಪಿಗೆ ಕೂತೇ ಇಲ್ಲ ಅಕ್ಕ. ಗೋದಾಮಲ್ಲಿ ಬಣ್ಣ ಬಳಿದಿಟ್ಟಿದ್ದನ್ನ ತಂದು ಪಕ್ಕದಲ್ಲಿ ಇಟ್ಟಿದ್ದು. ಮೇಲಿನ ಪೈಪನ್ನ ಆಮೇಲೆ ಯಾರೋ ಬಿಚ್ಚಿದ್ದಾರೆ."

ಅಕ್ಕ ಪೈಪನ್ನು ಮೆಲ್ಲಗೆ ನೆಲಕ್ಕಿಳಿಸಿದಳು, ಗ್ರಾನೈಟಿಗೆ ಗೆರೆ ಬೀಳದ ಹಾಗೆ. ಅಂಥ ಹೊತ್ತಿನಲ್ಲೂ ಅವಳಿಗೆ ನೆಲದ ಚಿಂತೆ ಹೋಗಲಿಲ್ಲವಲ್ಲ ಅಂತ ಕೆದಕಮ್ಮನಿಗೆ ಒಳಗೊಳಗೇ ನಗು ಬಂತು, ಜೊತೆಗೆ ಒಂದು ಥರದ ಹೆಮ್ಮೆಯೂ ಬಂತು.

"ಅಂದ್ರೆ ಮಾಮ ಮೂರನೇ ಮಹಡಿಯಿಂದ ಬಿದ್ದಿಲ್ಲ."

"ಡಾಕ್ಟರೂ ಅದನ್ನೇ ಹೇಳ್ತಾರೆ. ಅಷ್ಟು ಎತ್ತರದಿಂದ ಕಲ್ಲಿನ ಮೇಲೆ ಬಿದ್ದಿದ್ರೆ ಆಸ್ಪತ್ರೆಗೆ ತರೋ ಹಾಗೇ ಇರ್ತಿರಲಿಲ್ಲವಂತೆ. ಇವರಿಗೆ ಮುರಿದಿರೋದು ಮಣಿಕಟ್ಟು. ಏಟು ಬಿದ್ದಿರೋದು ತಲೆಯ ಹಿಂಭಾಗಕ್ಕೆ, ಹೆಲ್ಮೆಟ್ಟಿನ ಅಂಚಿನ ಕೆಳಗೆ. ಒಂದು ಏಣಿಯಷ್ಟು ಎತ್ತರ, ಅಷ್ಟೇ. ಇನ್ನೊಂದು ಮಾತು. ಅತ್ತೆ ಅವರ ಅಂಗಿಯನ್ನ ಒಗೆಯದೆ ಇಟ್ಟಿದ್ಲು. ಕಾಲರಿನ ಒಳಗೆಲ್ಲ ಬಿಳಿ ಪುಡಿ. ಸೀಲಿಂಗಿಗೆ ಹಾಕೋ ಪಿಓಪಿ ಪುಡಿ."

"ನಡು ಅಂಗಳದಲ್ಲಿ ಪಿಓಪಿ ಕೆಲಸವೇ ಇಲ್ಲ. ಅಲ್ಲಿರೋದು ಬರೀ ಕಲ್ಲು, ಗಾಜು."

"ಅದಕ್ಕೇ ನಾನು ಬೆಳಗಿಂದ ತಲೆ ಮೇಲೆತ್ತಿಕೊಂಡು ಓಡಾಡ್ತಿರೋದು. ಕತ್ತು ನೋವು ಬಂತು. ಇಲ್ಲಿ ನೋಡು."

ಕೆದಕಮ್ಮ ಬೆರಳು ತೋರಿಸಿದ ಕಡೆ ಸೀಲಿಂಗ್ ಉಳಿದ ಕಡೆಯಷ್ಟೇ ಬಿಳುಪಾಗಿತ್ತು. ಸುಮ್ಮನೆ ನಡೆದುಹೋಗುವವರಿಗೆ ಏನೂ ಕಾಣುವುದಿಲ್ಲ. ನಿಂತು ನೋಡಿದರೆ, ಬಾಗಿಲಿನಷ್ಟು ಅಗಲದ ಒಂದು ಚೌಕದಲ್ಲಿ ಮಾತ್ರ ಬಣ್ಣ ಇನ್ನೂ ಹಸಿಹೊಳಪು ಬಿಟ್ಟಿರಲಿಲ್ಲ.

ತೇಪೆ.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. "ಇದನ್ನ ನಾನು ಮಾಡಿಸಿದ್ದಲ್ಲ," ಅಂದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ತನ್ನ ಅಡುಗೆಮನೆಯಲ್ಲಿ ಬೇರೆ ಯಾರೋ ಒಲೆ ಹಚ್ಚಿದ್ದು ಕಂಡವಳ ಸಿಟ್ಟಿತ್ತು.

ಆಗ ಓಣಿಯ ಆ ತುದಿಯಿಂದ ಅತ್ತರಿನ ವಾಸನೆ ಬಂತು. ಹಿಂದೆಯೇ ಮಳಿಗೆ ಮ್ಯಾನೇಜರ್ ಬಂದ.

ಯಾರಿಗೆ ಯಾವ ಅಂಗಡಿ, ಎಷ್ಟು ಬಾಡಿಗೆ ಅನ್ನುವುದೆಲ್ಲ ಅವನ ಕೈಯಲ್ಲಿತ್ತು. ಅಚ್ಚುಕಟ್ಟಾದ ಮನುಷ್ಯ. ಶೂ ಮೇಲೆ ಸಿಮೆಂಟ್ ಧೂಳು ಕೂತರೆ ಅಲ್ಲೇ ನಿಂತು ಕರವಸ್ತ್ರದಲ್ಲಿ ಒರೆಸಿಕೊಳ್ಳುವವನು.

"ಮೇಡಂ, ಈ ಏಣಿ ಯಾಕೆ ಇಲ್ಲಿ? ಇನ್ನೇನು ದೀಪದ ಅಂಗಡಿಯವರ ಸಾಮಾನು ಬರುತ್ತೆ. ಓಣಿ ಖಾಲಿ ಇರಬೇಕು."

"ಈ ಸೀಲಿಂಗನ್ನ ಯಾರು ಬಿಚ್ಚಿ ಮುಚ್ಚಿದ್ದು?" ಕೇಳಿದಳು ಅಕ್ಕ.

ಅವನು ಮೇಲೆ ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ. ಅವನು ನಿಜವಾಗಿಯೂ ಗಲಿಬಿಲಿಗೊಂಡ ಹಾಗೆ ಕಂಡಿತು.

"ನೀವೇ ಅಲ್ವಾ ಮೇಡಂ ಹೇಳಿದ್ದು?"

"ನಾನಾ?"

"ಮೂಲೆಯ ಹೋಟೆಲಿನವರ ಹೊಗೆ ಕೊಳವೆ ಇದರ ಮೇಲಿಂದ ಹೋಗುತ್ತೆ, ಆ ಕೆಲಸ ಮುಗಿದಿದೆ, ಸೀಲಿಂಗ್ ಮುಚ್ಚಿಸಿ ಅಂತ ಮಾಮ ಬಿದ್ದ ದಿನವೇ ನಮ್ಮ ಆಫೀಸಿಗೆ ಫೋನ್ ಮಾಡಿದ್ರಿ. ನಾನೇ ತಗೊಂಡೆ. ನಿಮ್ಮದೇ ಧ್ವನಿ. 'ನಾನು ಇಂಜಿನಿಯರಮ್ಮ' ಅಂದ್ರಿ."

"ನಾನು ನನ್ನನ್ನ ಯಾವತ್ತಾದ್ರೂ ಇಂಜಿನಿಯರಮ್ಮ ಅಂತ ಕರ್ಕೊಂಡಿದ್ದೀನೇನ್ರೀ?"

ಸೈಟಿನವರು ಕರೆಯುತ್ತಿದ್ದ ಹೆಸರದು, ಅಕ್ಕ ತಾನಾಗಿ ಹೇಳಿಕೊಳ್ಳುವುದಲ್ಲ. ಆದರೂ ಮ್ಯಾನೇಜರ್ ತನ್ನ ಮಾತು ಬಿಡಲಿಲ್ಲ. "ಧ್ವನಿ ನಿಮ್ಮದೇ ಇತ್ತು ಮೇಡಂ. ಬೇಕಾದ್ರೆ ಎಲ್ಲಿ ಕೇಳಿದ್ರೂ ಹೇಳ್ತೀನಿ."

ಕೆದಕಮ್ಮ ಅವನ ಮುಖವನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿದ್ದರೆ ಇಷ್ಟು ಸಲೀಸಾಗಿ ಹೇಳಲಾರ. ನಿಜ ಹೇಳುತ್ತಿದ್ದರೆ, ಅಕ್ಕನನ್ನು ಮೊದಲು ಪ್ರಶ್ನೆ ಕೇಳಬೇಕಾದವಳು ತಾನೇ.

"ನೀವು ಸ್ವಲ್ಪ ಆ ಕಡೆ ನಿಲ್ಲಿ ಸಾರ್," ಅಂದಳು. "ನಾನು ಅಕ್ಕನ ಹತ್ರ ಮಾತಾಡ್ಬೇಕು."

ಮ್ಯಾನೇಜರ್ ಅಷ್ಟು ದೂರ ಹೋಗಿ ಫೋನ್ ಹಚ್ಚಿದ. ಮಾಲಿನ ಯಜಮಾನರಿಗೇ ಇರಬೇಕು.

ಕೆದಕಮ್ಮ ಏಣಿಯ ಕಾಲು ಹಿಡಿದುಕೊಂಡು ನಿಂತಳು. ಇಷ್ಟು ದಿನ ಸೈಟಿನಲ್ಲಿ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಒಬ್ಬಳಿಗೆ ಮಾತ್ರ ಕೇಳಿರಲಿಲ್ಲ. ಕೇಳುವ ಅಗತ್ಯವಿಲ್ಲ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಅದು ತಪ್ಪು ಅಂತ ಅವಳಿಗೆ ಗೊತ್ತಿತ್ತು.

"ಮಾಮ ಬಿದ್ದ ದಿನ ಬೆಳಿಗ್ಗೆ ಎಲ್ಲಿದ್ದೆ ಅಕ್ಕ?"

ಅಕ್ಕ ತಿರುಗಿದಳು. "ನನ್ನನ್ನ ಕೇಳ್ತಿದ್ದೀಯಾ?"

"ಎಲ್ಲರನ್ನೂ ಕೇಳಿದ್ದೀನಿ."

"ನಾನು ಎಲ್ಲರ ಹಾಗಾ?"

"ಇಲ್ಲಿ ಹೌದು. ಹೆಲ್ಮೆಟ್ ವಿಷಯದಲ್ಲಿ ನೀನು ತಂಗಿ ಅಂತ ಬಿಟ್ಯಾ? ಇಲ್ಲ. ನಾನೂ ಬಿಡೋದಿಲ್ಲ."

ಬೈಯುತ್ತಾಳೆ ಅಂದುಕೊಂಡಳು ಕೆದಕಮ್ಮ. ಆದರೆ ಅಕ್ಕನ ತುಟಿಯ ಒಂದು ಕೊನೆ ಸ್ವಲ್ಪ ಮೇಲೇರಿತು.

"ಸರಿ. ಕೇಳಬೇಕಾದ್ದೇ. ಇಲ್ಲೇ ಇದ್ದೆ."

"ಇಲ್ಲಿ ಅಂದ್ರೆ?"

"ಮಾಡಿನ ಮೇಲೆ. ಗಾಜಿನ ಪಕ್ಕ, ಆ ಓಡಾಡೋ ಹಲಗೆ ಇದೆಯಲ್ಲ, ಅಲ್ಲಿ."

"ಏನು ಕೆಲಸ ಇತ್ತು?"

"ಕೆಲಸ ಏನೂ ಇರಲಿಲ್ಲ."

"ಮತ್ತೆ?"

ಅಕ್ಕ ಕೈಯಲ್ಲಿದ್ದ ಅಳತೆ ಟೇಪನ್ನು ಎಳೆದು ಬಿಟ್ಟಳು. ಅದು ಸರ್ರನೆ ಒಳಗೆ ಹೋಯಿತು. ಹೇಳಲು ನಾಚಿಕೆಪಡುತ್ತಿದ್ದಾಳೆ ಅಂತ ಕೆದಕಮ್ಮನಿಗೆ ಹೊಳೆದದ್ದು ಆಗ. ಅಕ್ಕ ನಾಚಿಕೊಂಡದ್ದನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ಬಿಸಿಲು ಬರೋದನ್ನ ನೋಡೋಕೆ ಹೋಗ್ತೀನಿ. ಮೊದಲ ಬಿಸಿಲು ಗಾಜಿಗೆ ಬಿದ್ದು ಒಂದೊಂದೇ ಮಹಡಿ ಇಳಿಯುತ್ತೆ. ನಕ್ಷೆ ಬರೆಯೋವಾಗ ಅದು ಹಾಗೇ ಇಳಿಯುತ್ತೆ ಅಂತ ಅಂದ್ಕೊಂಡಿದ್ದೆ. ಹಾಗೇ ಇಳಿಯುತ್ತೆ. ದಿನಾ ನೋಡ್ತೀನಿ. ಇನ್ನು ಜನ ತುಂಬಿಕೊಂಡ ಮೇಲೆ ನನಗೊಬ್ಬಳಿಗೇ ಸಿಗೋದಿಲ್ಲವಲ್ಲ."

"ಯಾರಾದ್ರೂ ನೋಡಿದ್ರಾ ನೀನು ಅಲ್ಲಿದ್ದದ್ದನ್ನ?"

"ಯಾರೂ ಇರಬಾರದು ಅಂತಾನೇ ಹೋಗೋದು ಕಣೇ."

ಕೆದಕಮ್ಮ ತಲೆಯಾಡಿಸಿದಳು. ಅಕ್ಕನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಅಂತ ಅವಳ ಮನಸ್ಸು ಹೇಳಿತು. ಆದರೆ ಮನಸ್ಸು ಹೇಳಿದ್ದನ್ನೆಲ್ಲ ನಂಬುವವಳಾಗಿದ್ದರೆ ಅವಳು ಬೇರೆ ಯಾವುದಾದರೂ ಕಸುಬು ಹಿಡಿಯಬೇಕಿತ್ತು.

"ಸೀಲಿಂಗ್ ಬಿಚ್ಚೋಣ," ಅಂದಳು.

"ನೀನು ಹೇಳದಿದ್ರೂ ಬಿಚ್ತಿದ್ದೆ," ಅಂದಳು ಅಕ್ಕ. ಓಣಿಯ ಕಡೆ ತಿರುಗಿ ಕೂಗಿದಳು. "ಮೇಸ್ತ್ರೀ, ಒಂದು ಬ್ಲೇಡು, ಒಂದು ಟಾರ್ಚು."

ಮೇಸ್ತ್ರಿ ಎರಡನ್ನೂ ತರುವಷ್ಟರಲ್ಲಿ ಯಜಮಾನರೂ ಬಂದರು.

ಮಾಲು ಅವರದು. ಭಾರೀ ಆಳು, ಮೆಲ್ಲಗಿನ ನಡಿಗೆ. ತಗಡಿನ ಶೆಡ್ಡುಗಳ ಕಾಲದಲ್ಲಿ ಇದೇ ಗುಂಡಿಯ ದಂಡೆಯಲ್ಲಿ ಬಾಚಣಿಗೆ, ಹೇರ್‌ಪಿನ್ನು ಹರಡಿಕೊಂಡು ಮಾರುತ್ತಿದ್ದವರು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ, ಬಂದವರಿಗೆಲ್ಲ ಎಸ್ಕಲೇಟರಿನ ಬುಡ ತೋರಿಸಿ "ನನ್ನ ಗೋಣಿಚೀಲ ಹಾಸ್ತಿದ್ದದ್ದು ಸರಿಯಾಗಿ ಇಲ್ಲಿ" ಅನ್ನುತ್ತಿದ್ದರು.

"ಏನಮ್ಮಾ ಇದು?" ಅಂದರು ಅಕ್ಕನಿಗೆ. "ನಾಳೆ ಜನ ಬರ್ತಾರೆ, ಇವತ್ತು ಸೀಲಿಂಗ್ ಕೊಯ್ತೀರಾ?"

"ಕೊಯ್ಲೇಬೇಕು ಯಜಮಾನ್ರೇ."

"ಒಂದು ವಾರ ಬಿಟ್ಟು ಕೊಯ್ದ್ರೆ ಆಗೋದಿಲ್ವಾ? ರಾತ್ರಿ ಹೊತ್ತು, ಯಾರೂ ಇಲ್ಲದಾಗ?"

"ಈ ಸೀಲಿಂಗಿನ ಮೇಲೆ ಬೀಮಿದೆ. ಬೀಮಿನ ಮೇಲೆ ಮೊದಲ ಮಹಡಿ. ಅಲ್ಲೇ ನಾಳಿನ ವೇದಿಕೆ ಹಾಕಿರೋದು. ಕುರ್ಚಿ ಎಲ್ಲಾ ಅಲ್ಲೇ. ನನಗೆ ಗೊತ್ತಿಲ್ಲದೆ ಇಲ್ಲಿ ಯಾರೋ ಕೈ ಆಡಿಸಿದ್ದಾರೆ. ಏನು ಮಾಡಿದ್ದಾರೆ ಅಂತ ನೋಡದೆ ನಾನು ಒಬ್ಬ ಮನುಷ್ಯನ್ನೂ ಮೇಲೆ ಕೂರಿಸೋದಿಲ್ಲ."

"ಊರಿಗೆಲ್ಲ ಕರೆದಾಗಿದೆ."

"ಕರೆದಿದ್ದೀರಿ ಅಂತಾನೇ ಹೇಳ್ತಿದ್ದೀನಿ. ನನ್ನಮ್ಮನೂ ಬರ್ತಿದ್ದಾಳೆ. ಮೊದಲ ಸಾಲು." ಅಕ್ಕನ ದನಿ ಏರಲಿಲ್ಲ. "ಬೇಡ ಅಂದ್ರೆ ಹೇಳಿಬಿಡಿ. ಬಾಗಿಲ ಪಕ್ಕದ ಕಲ್ಲಿನಲ್ಲಿ ಕಟ್ಟಿದವಳು ಅಂತ ನನ್ನ ಹೆಸರು ಕೆತ್ತಿಸಿದ್ದೀರಲ್ಲ, ಅದನ್ನ ಅಳಿಸಿಬಿಡಿ. ಆಮೇಲೆ ನಿಮಗಿಷ್ಟ ಬಂದ ಹಾಗೆ ಮಾಡಿ."

ಯಜಮಾನರು ಅಕ್ಕನನ್ನು ನೋಡಿದರು, ಸೀಲಿಂಗನ್ನು ನೋಡಿದರು. ಮ್ಯಾನೇಜರ್ ಏನೋ ಹೇಳಲು ಬಗ್ಗಿದ. ಅವರು ಕೈಯೆತ್ತಿ ತಡೆದರು.

ಆಮೇಲೆ ಅಂಗಿಯ ತೋಳು ಮಡಚಿಕೊಂಡು ಮುಂದೆ ಬಂದು ಏಣಿಯ ಎರಡು ಕಾಲನ್ನೂ ಗಟ್ಟಿಯಾಗಿ ಹಿಡಿದುಕೊಂಡರು.

"ಹತ್ತಮ್ಮಾ," ಅಂದರು. "ನಾನು ಹಿಡ್ಕೋತೀನಿ."

ಅಕ್ಕ ಹತ್ತಿದಳು. ಬ್ಲೇಡು ತೇಪೆಯ ಗೆರೆ ಹಿಡಿದು ಓಡಿತು. ಬಿಳಿ ಪುಡಿ ಯಜಮಾನರ ತಲೆಯ ಮೇಲೆ, ಭುಜದ ಮೇಲೆ ಉದುರಿತು. ಅವರು ಕದಲಲಿಲ್ಲ. ಕೆದಕಮ್ಮ ಮಾತ್ರ ಆ ಪುಡಿಯನ್ನು ನೋಡುತ್ತಿದ್ದಳು. ಹೆಲ್ಮೆಟ್ ಮಾಮನ ಕಾಲರಿನಲ್ಲಿದ್ದದ್ದು ಇದೇ.

ಹಲಗೆ ಕಳಚಿ ಕೆಳಗೆ ಬಂತು. ಅಕ್ಕನ ತಲೆ, ಭುಜ ಕತ್ತಲೆಯ ಚೌಕದೊಳಗೆ ಹೋದವು. ಟಾರ್ಚಿನ ಬೆಳಕು ಒಳಗೆ ಅತ್ತಿತ್ತ ಹರಿಯಿತು, ಒಂದು ಕಡೆ ನಿಂತಿತು.

"ಅಕ್ಕ?" ಅಂದಳು ಕೆದಕಮ್ಮ.

"ಕೊರೆದಿದ್ದಾರೆ."

ಆ ದನಿ ಅಕ್ಕನದು ಅನ್ನಿಸಲಿಲ್ಲ.

"ಏನನ್ನ?"

"ನನ್ನ ಬೀಮನ್ನ. ಒಂದು ದೊಡ್ಡ ಕೊಳವೆ ತೂರೋ ಹಾಗೆ ಆರಪಾರ ತೂತು ಹೊಡೆದಿದ್ದಾರೆ. ಒಳಗಿನ ಕಂಬಿಗಳನ್ನೂ ಕತ್ತರಿಸಿದ್ದಾರೆ. ಕತ್ತರಿಸಿದ ತುದಿ ಇನ್ನೂ ಮಿರಮಿರ ಅಂತಿದೆ." ಅವಳು ಒಂದು ಮೆಟ್ಟಿಲು ಮೇಲೇರಿದಳು. "ತೂತಿನ ಬಾಯಿಂದ ಬಿರುಕು ಎದ್ದಿದೆ. ಪಕ್ಕಕ್ಕೆ ಹೋಗ್ತಿದೆ."

ಯಜಮಾನರ ಕೈ ಏಣಿಯ ಮೇಲೆ ಇನ್ನಷ್ಟು ಬಿಗಿಯಾಯಿತು. "ಬೀಳುತ್ತಾ?"

"ಖಾಲಿ ಇದ್ರೆ ತಡ್ಕೊಳ್ಳುತ್ತೆ. ಗಟ್ಟಿಯಾಗಿ ಕಟ್ಟಿದ್ದೀನಿ. ಇಷ್ಟು ಗಾಯ ಮಾಡಿದ ಮೇಲೂ ಹೊತ್ಕೊಂಡು ನಿಂತಿದೆ ನೋಡಿ." ಅಕ್ಕ ಬೀಮಿನ ಮೇಲೆ ಅಂಗೈ ಇಟ್ಟಳು. "ಆದ್ರೆ ಮೇಲೆ ನೂರಾರು ಜನ ಕೂತು ಚಪ್ಪಾಳೆ ಹೊಡೆದ್ರೆ, ಅದಕ್ಕೆ ಹೊರೋಕಾಗಲ್ಲ."

ಅವಳು ಇಳಿದು ಬಂದಳು. ಮುಖಕ್ಕೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತ್ತು, ಕಣ್ಣೆರಡು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು.

ಕೆದಕಮ್ಮನಿಗೆ ಈಗ ಹೆಲ್ಮೆಟ್ ಮಾಮನ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ತೆರೆದಿದ್ದ ಸೀಲಿಂಗ್ ನೋಡಿ ಏಣಿ ಹತ್ತಿದ್ದಾರೆ. ಒಳಗೆ ತಲೆ ಹಾಕಿದ್ದಾರೆ. ಇದನ್ನು ಕಂಡಿದ್ದಾರೆ. ಕೆಳಗೆ ಯಾರೋ ಬಂದು ಏಣಿ ಎಳೆದಿದ್ದಾರೆ. ಆಮೇಲೆ ಅವರನ್ನು ಇಲ್ಲಿಂದ ನಡು ಅಂಗಳಕ್ಕೆ ಸಾಗಿಸಿ, ಪಕ್ಕದಲ್ಲೊಂದು ಹಳದಿ ಪೈಪು ಮಲಗಿಸಿ, ಸೀಲಿಂಗಿಗೆ ತೇಪೆ ಹಾಕಿಸಿದ್ದಾರೆ. ಹಾಕಿಸಿದ್ದು ಅಕ್ಕನ ಧ್ವನಿ.

"ಈ ಕೊಳವೆ ಹೀಗೆ ಬರಬೇಕು ಅಂತ ಯಾರು ಹೇಳಿದ್ದು?" ಮ್ಯಾನೇಜರನ್ನು ಕೇಳಿದಳು ಕೆದಕಮ್ಮ.

ಅವನ ಹಣೆ ಬೆವತಿತ್ತು. ಅತ್ತರಿನ ವಾಸನೆ ಹೆಚ್ಚಾಗಿತ್ತು. "ಮೂಲೆ ಅಂಗಡಿಯನ್ನ ಹೋಟೆಲಿಗೆ ಕೊಟ್ಟದ್ದು ನಾನು, ಒಪ್ಕೋತೀನಿ. ಮೊದಲು ಅದು ಪುಸ್ತಕದಂಗಡಿಗೆ ಅಂತ ಇತ್ತು. ಹೊಗೆ ಹೋಗೋಕೆ ದಾರಿ ಬೇಕು ಅಂದ್ರು. ಇಂಜಿನಿಯರಮ್ಮನ್ನ ಕೇಳಿ ಅಂದೆ. ಆಮೇಲೆ ಆ ಫೋನ್ ಬಂತು. ಕೊರೆಯೋದನ್ನ ನಾನು ಹೇಳಲಿಲ್ಲ ಮೇಡಂ. ಇದರ ಮೇಲೆ ಬೀಮಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ."

"ಕೊರೆದೋರು ಯಾರು?"

"ನಮ್ಮ ಕಡೆಯವರಲ್ಲ. ಹೋಟೆಲಿನವರನ್ನ ಕೇಳಿದ್ರೆ ಅವರೂ ತಮ್ಮವರಲ್ಲ ಅಂತಾರೆ."

"ಹಾಗಾದ್ರೆ ಬೀಮು ತನ್ನಷ್ಟಕ್ಕೆ ತಾನೇ ತೂತಾಯ್ತು," ಅಂದಳು ಕೆದಕಮ್ಮ.

ಯಜಮಾನರು ತಲೆಯ ಮೇಲಿನ ಪುಡಿಯನ್ನು ಕೊಡವಲಿಲ್ಲ. ಏಣಿ ಬಿಟ್ಟು ನಡು ಅಂಗಳದ ತನಕ ನಡೆದು ಹೋದರು. ಎಸ್ಕಲೇಟರಿನ ಬುಡದಲ್ಲಿ ನಿಂತು ಗಾಜಿನ ಮಾಡನ್ನು ಒಮ್ಮೆ ನೋಡಿದರು. ವಾಪಸ್ ಬರುವಾಗ ಅವರ ನಡಿಗೆ ಮೊದಲಿನ ಹಾಗೆಯೇ ಇತ್ತು.

"ನಾಳೆ ಬಾಗಿಲು ತೆಗೆಯೋದಿಲ್ಲ," ಅಂದರು. "ಕರೆದವರಿಗೆಲ್ಲ ನಾನೇ ಹೇಳ್ತೀನಿ. ಕಾರಣವನ್ನೂ ಹೇಳ್ತೀನಿ. ನಗೋರು ನಗಲಿ. ಬಾಚಣಿಗೆ ಮಾರೋವಾಗಲೂ ನಾನು ಹಲ್ಲು ಮುರಿದದ್ದನ್ನ ಒಳ್ಳೇದು ಅಂತ ಕೊಟ್ಟವನಲ್ಲ." ಆಮೇಲೆ ಅಕ್ಕನ ಕಡೆ ತಿರುಗಿದರು. "ಸರಿಮಾಡೋಕೆ ಆಗುತ್ತಾ?"

"ಆಗುತ್ತೆ. ಮೊದಲು ಕೆಳಗಿಂದ ಜಾಕ್ ಕೊಟ್ಟು ಎತ್ತಿ ಹಿಡೀಬೇಕು. ಆಮೇಲೆ ಉಕ್ಕಿನ ಹೊದಿಕೆ. ಹೊತ್ತು ಹಿಡಿಯುತ್ತೆ."

"ಹಿಡೀಲಿ. ನಿಮ್ಮ ಹೆಸರು ಕಲ್ಲಲ್ಲೇ ಇರುತ್ತೆ."

ಅಕ್ಕ ತಲೆಯನ್ನು ಇಷ್ಟೆತ್ತರ ಎತ್ತಿದಳು. ಸೊಂಟದ ತನಕ ಕೆಸರಿನಲ್ಲಿ ನಿಂತು "ಇಲ್ಲಿ ಅಡಿಪಾಯ ನಿಲ್ಲುತ್ತೆ" ಅಂದಿದ್ದಾಗಲೂ ಅವಳು ಹೀಗೇ ತಲೆಯೆತ್ತಿದ್ದಳು, ದಂಡೆಯಲ್ಲಿ ನಿಂತಿದ್ದ ಕೆದಕಮ್ಮ ಅದನ್ನು ನೋಡಿದ್ದಳು. ಈ ಊರಿನಲ್ಲಿ ಎಷ್ಟೋ ಕಟ್ಟಡಗಳೆದ್ದಿವೆ. ಕಟ್ಟಿ ಮುಗಿಸಿ, ಹಾರ ಬೀಳುವ ಹಿಂದಿನ ದಿನ, "ಬೇಡ" ಅನ್ನುವ ಎದೆ ಎಷ್ಟು ಜನಕ್ಕಿದೆ? ಅವಳಿಗೆ ಅಕ್ಕನನ್ನು ಅಲ್ಲೇ ಅಪ್ಪಿಕೊಳ್ಳಬೇಕು ಅನ್ನಿಸಿತು. ಪತ್ತೇದಾರಳಾಗಿ ಹಾಗೆ ಮಾಡುವ ಹಾಗಿರಲಿಲ್ಲ.

"ಮೇಸ್ತ್ರೀ," ಅಂದಳು ಅಕ್ಕ. "ಎಲ್ಲರನ್ನೂ ಹೊರಗೆ ಕಳಿಸಿ. ಮೇಲಿನ ಮಹಡಿಗಳಿಂದ ಶುರು ಮಾಡಿ. ಅಂಗಡಿಯವರು, ಬಣ್ಣದವರು, ಒರೆಸೋರು, ಒಬ್ಬರೂ ಉಳಿಯಬಾರದು. ಗೇಟಲ್ಲಿ ನಿಂತು ನೋಡ್ಕೊಳ್ಳಿ. ಗೋದಾಮಿಂದ ಜಾಕುಗಳನ್ನ ಇಳಿಸೋಕೆ ಹೇಳಿ."

ಜನ ಹೊರಬಂದರು. ಪೇಂಟ್ ಡಬ್ಬಿ ಹಿಡಿದವರು, ಗೊಂಬೆ ಕೈ ಕಂಕುಳಲ್ಲಿ ಇಟ್ಟುಕೊಂಡವರು, ಬೋರ್ಡಿನ ಒಂದಕ್ಷರವನ್ನು ಎದೆಗವಚಿಕೊಂಡವರು. ನೆಲ ಒರೆಸುತ್ತಿದ್ದ ಹೆಂಗಸು ಹೊರಗೆ ಬಂದ ಮೇಲೂ ಒಳಗಿನ ನೆಲವನ್ನು ತಿರುಗಿ ತಿರುಗಿ ನೋಡುತ್ತಿದ್ದಳು. ಮುಂಬಾಗಿಲ ಎದುರಿನ ಬಯಲು ತುಂಬಿತು. ಸುದ್ದಿ ಅಷ್ಟರಲ್ಲೇ ಹರಡಿತ್ತು. ಯಾರೂ ಗೊಣಗಲಿಲ್ಲ. "ಇಂಜಿನಿಯರಮ್ಮ ಹೇಳಿದ್ರೆ ಸರಿಯಾಗೇ ಇರುತ್ತೆ" ಅಂತ ಒಬ್ಬ ಬಣ್ಣದವನು ಇನ್ನೊಬ್ಬನಿಗೆ ಹೇಳಿದ್ದು ಕೆದಕಮ್ಮನ ಕಿವಿಗೆ ಬಿತ್ತು.

ಮೇಸ್ತ್ರಿ ಬಂದು ಎಲ್ಲರೂ ಹೊರಗಿದ್ದಾರೆ ಅಂದ. ಒಳಗೆ ಇನ್ನು ಒಂದು ನರಪಿಳ್ಳೆಯೂ ಇಲ್ಲ.

"ನಾನೊಬ್ಬಳು ಹೋಗಿ ಜಾಕ್ ಎಲ್ಲೆಲ್ಲಿ ನಿಲ್ಲಬೇಕು ಅಂತ ಗುರುತು ಹಾಕಿ ಬರ್ತೀನಿ," ಅಂದಳು ಅಕ್ಕ.

"ನಾನೂ ಬರ್ತೀನಿ."

"ಬೇಡ. ಕೆದಕೋದು ಮುಗೀತು, ಇನ್ನು ಕಟ್ಟೋದು." ಅಕ್ಕ ತಂಗಿಯ ಭುಜ ಒಮ್ಮೆ ತಟ್ಟಿದಳು. ಅಂಗಿಯ ಮೇಲೆ ಬಿಳಿ ಅಂಗೈ ಮೂಡಿತು. "ಅಮ್ಮನಿಗೆ ಫೋನ್ ಮಾಡಿ ಸೀರೆ ಎತ್ತಿಡು ಅಂತ ಹೇಳು. ನನ್ನ ಹತ್ರ ಆಗೋಲ್ಲ."

ಅವಳು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಹೊಳೆಯುವ ಓಣಿಯಲ್ಲಿ ಚಿಕ್ಕದಾಗುತ್ತ ಹೋಗಿ, ತೇಪೆ ತೆಗೆದ ಆ ಚೌಕದ ಕೆಳಗೆ ಮಂಡಿಯೂರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆಯತೊಡಗಿದಳು.

ಕೆದಕಮ್ಮ ಅಮ್ಮನಿಗೆ ಹಚ್ಚಲು ಫೋನ್ ತೆಗೆದಳು. ಅಷ್ಟರಲ್ಲಿ ಅದೇ ಹೊಡೆದುಕೊಂಡಿತು.

ಅತ್ತೆ. ಆಸ್ಪತ್ರೆಯಿಂದ.

"ನೋಡಮ್ಮಾ, ನಮ್ಮೋರು ಕಣ್ಣು ಬಿಟ್ರು," ಅಂದಳು ಅತ್ತೆ. ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಈಗ ತಾನೇ. ನನ್ನ ಗುರುತು ಹಿಡಿದ್ರು. ಒಂದು ಮಾತೂ ಆಡಿದ್ರು. ಆಮೇಲೆ ಮತ್ತೆ ಕಣ್ಣು ಮುಚ್ಚಿದ್ರು, ನಿದ್ದೆ ಅಂತಾರೆ ಡಾಕ್ಟರು."

"ಏನಂದ್ರು ಅತ್ತೆ?"

"ನೀನು ಬೇಜಾರು ಮಾಡ್ಕೋಬಾರದು. ನಿಮ್ಮಕ್ಕ ಅಂತ ಗೊತ್ತು ನನಗೆ. ಆದ್ರೆ ಅವರು ಹೇಳಿದ್ದನ್ನೇ ಹೇಳ್ಬೇಕಲ್ಲ ನಾನು." ಅತ್ತೆಯ ದನಿ ಗಟ್ಟಿಯಾಯಿತು. "'ಇಂಜಿನಿಯರಮ್ಮನ್ನ ಒಳಗೆ ಬಿಡಬೇಡಿ' ಅಂದ್ರು. ಅಷ್ಟೇ. ನಾನು ಆಗಲೇ ನನ್ನ ತಮ್ಮನ್ನ ಕರೆದು ಬಾಗಿಲಲ್ಲಿ ನಿಲ್ಲಿಸಿದ್ದೀನಿ. ನಿಮ್ಮಕ್ಕ ಈ ರೂಮಿಗೆ ಕಾಲಿಡೋಕೆ ಬಿಡೋದಿಲ್ಲ."

ಕೆದಕಮ್ಮ ಫೋನನ್ನು ಕಿವಿಯಿಂದ ಇಳಿಸಿದಳು.

ಅಕ್ಕನಿಗೆ ಹೆದರಿ ಹೇಳಿದ ಮಾತೇ ಅದು? ಏಣಿ ಎಳೆದವಳು ಅಕ್ಕನೇ, ಅವಳನ್ನು ನನ್ನ ಹತ್ತಿರ ಬಿಡಬೇಡಿ ಅಂತಲೇ? ಫೋನಿನಲ್ಲಿ ಕೇಳಿದ್ದು ಅವಳದೇ ಧ್ವನಿ, ಆ ಬೆಳಿಗ್ಗೆ ಅವಳನ್ನು ಕಂಡವರು ಯಾರೂ ಇಲ್ಲ. ಅಥವಾ ತಾವಿರುವುದು ಆಸ್ಪತ್ರೆಯ ರೂಮು ಅಂತ ಹೆಲ್ಮೆಟ್ ಮಾಮನಿಗೆ ಎಲ್ಲಿ ಗೊತ್ತು? ಪ್ರಜ್ಞೆ ತಪ್ಪಿದ ಮನುಷ್ಯನಿಗೆ ಕಣ್ಣು ಬಿಟ್ಟಾಗ ನೆನಪಿರುವುದು ಕೊನೆಗೆ ನೋಡಿದ್ದೊಂದೇ, ಆ ಕತ್ತಲೆಯ ಚೌಕ. ಅವರು ಹೇಳಿದ 'ಒಳಗೆ' ಅಂದರೆ ಈ ಕಟ್ಟಡದ ಒಳಗಾ?

ಅವಳು ಗಾಜಿನಾಚೆ ನೋಡಿದಳು. ಅಕ್ಕ ಇನ್ನೂ ಬೀಮಿನ ಕೆಳಗೇ ಮಂಡಿಯೂರಿದ್ದಳು. ಬಿರುಕನ್ನು ನೋಡಲೇನೋ, ಮುಖ ಮೇಲೆತ್ತಿದ್ದಳು.

ಕೆದಕಮ್ಮನ ಬಲಕ್ಕೆ ಯಜಮಾನರು ಕೈಕಟ್ಟಿ ನಿಂತಿದ್ದರು. ಎಡಕ್ಕೆ ಮ್ಯಾನೇಜರ್ ಕರವಸ್ತ್ರದಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದ. ಮೇಸ್ತ್ರಿ ಗೇಟಿನಲ್ಲಿದ್ದ. ಅನುಮಾನಪಡಬಹುದಾದವರೆಲ್ಲ ಬಿಸಿಲಿನಲ್ಲಿ ಅವಳ ಕಣ್ಣೆದುರಿಗೇ ಇದ್ದರು.

ಖಾಲಿ ಕಟ್ಟಡದೊಳಗೆ, ಮೊದಲ ಮಹಡಿಯಲ್ಲಿ, ಸರಿಯಾಗಿ ಆ ಬೀಮಿನ ಮೇಲೆ, ಕೊರೆಯುವ ಯಂತ್ರ ಗರಗರ ಅಂತ ತಿರುಗಲು ಶುರುವಾಯಿತು.